ಬುಡದಿಂದ ಒಂದು ಗೇಣು

ಹಿತ್ತಿಲ ಮೆಟ್ಟಿಲು,
ಮಾರ್ಚ್ ೯, ಭಾನುವಾರ

ಪ್ರೀತಿಯ ಅತ್ತೆಗೆ,

ಮಂಡಿನೋವು ಹೇಗಿದೆ? ಬಾಣಂತಿಗೆ ಊಟ ಸೇರುತ್ತಿದೆಯೇ, ಕೂಸು ನಿಮಗೆ ನಿದ್ದೆ ಮಾಡಲು ಬಿಡುತ್ತಿದೆಯೇ? ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ಇನ್ನು ನನ್ನ ಸಿಟ್ಟಿನ ವಿಷಯ. ಫೋನಿನಲ್ಲಾದರೆ ನೀವು ನಡುವೆ ಬಾಯಿ ಹಾಕುತ್ತೀರಿ, ಅದಕ್ಕೇ ಕಾಗದ.

ನಿಮ್ಮ ಹುಲ್ಲನ್ನು ನಾನು ಕೊಂದೆನೆಂದು ಎದುರುಮನೆ ಟೈಲರಮ್ಮ ನಿಮಗೆ ಹೇಳಿದಳು, ನೀವು ಮಗಳಿಗೆ ಹೇಳಿದಿರಿ, ಅವಳು ಫೋನ್ ಮಾಡಿ ತನ್ನ ಅಣ್ಣನಿಗೆ ಹೇಳಿದಳು. ನನ್ನನ್ನು ಕೇಳಿದವರು ಮಾತ್ರ ಯಾರೂ ಇಲ್ಲ. "ಸೊಸೆ ಕೈಗೆ ಕೊಟ್ರೆ ಇಷ್ಟೇ" ಅಂದಿರಂತೆ. ಹನ್ನೊಂದು ವರ್ಷ ಈ ಮನೆಯಲ್ಲಿ ಬಾಳಿದ್ದಕ್ಕೆ ಒಳ್ಳೆಯ ಮರ್ಯಾದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ, ನನ್ನದು ಯಾವ ಬಸ್ಸಿನಲ್ಲಿ ಬರುತ್ತಿದೆಯೋ ಕಾಣೆ.

ಕಾಂಪೌಂಡಿನಲ್ಲಿ ಚೆಂದಕ್ಕೆಂದು ನೀವು ಬೆಳೆಸಿದ ಆ ಏಳು ಬುಡ ಗರಿಹುಲ್ಲಿಗೆ ನಾನೇನು ಕಡಿಮೆ ಮಾಡಿದೆ? ಚಳಿಗೆ ಒಣಗಿ ನಿಂತಾಗ ಬೀದಿಯವರೆಲ್ಲ ಕಿತ್ತು ಬಿಸಾಡಲು ಹೇಳಿದರು. "ಸತ್ತಿಲ್ಲ, ಮಲಗಿದೆ" ಎಂಬ ನಿಮ್ಮ ಮಾತನ್ನೇ ಎಲ್ಲರಿಗೂ ಗಿಣಿಯಂತೆ ಒಪ್ಪಿಸಿದೆ. ನೀರು ಹೆಚ್ಚು ಮಾಡಲಿಲ್ಲ, ಗೊಬ್ಬರ ಮುಟ್ಟಿಸಲಿಲ್ಲ. ಕಳೆ ಕೀಳುವಾಗ ಅದರ ಎಲೆ ಗೀರಿದ ಗುರುತು ಮೊಣಕೈವರೆಗೆ ಇನ್ನೂ ಇದೆ. ಕಳೆದ ತಿಂಗಳು ಬುಡದಲ್ಲಿ ಚಿಗುರು ಇಣುಕಿದ್ದು ಕಂಡು, ನೀವು ಹೇಳಿಕೊಟ್ಟಂತೆ ಒಂದೊಂದರ ಸೊಂಟಕ್ಕೂ ಹಗ್ಗ ಬಿಗಿದೆ. ಒಂದು ಗೇಣು ಬಿಟ್ಟು ಮರುದಿನ ಕತ್ತರಿಸೋಣವೆಂದುಕೊಂಡೆ. ಮರುದಿನ ಕೆಲಸ ಮುಗಿಸಿ ಬರುವಷ್ಟರಲ್ಲಿ ಏಳೂ ಬುಡ ನೆಲಸಮ. ಗೇಣೂ ಇಲ್ಲ, ಬೆರಳೂ ಇಲ್ಲ. ಕಸದ ರಾಶಿಯಲ್ಲಿ ಒಣಗರಿಯ ಜೊತೆ ಹಸಿರು ಚಿಗುರೂ ಬಿದ್ದಿತ್ತು.

ಕತ್ತರಿಸಿದ್ದು ನಾನಲ್ಲ. ಯಾರೆಂದು ಕೇಳಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಆ ಬರೆಯನ್ನು ಮೂರು ವಾರದಿಂದ ಬಾಯಿ ಮುಚ್ಚಿಕೊಂಡು ಹಾಕಿಸಿಕೊಂಡಿದ್ದೇನೆ. ಇನ್ನು ಆಗುವುದಿಲ್ಲ.

ಕೂಸಿಗೆ ಮುತ್ತು, ನಾದಿನಿಗೆ ನೆನಪು. ನಿಮಗೆ ನಮಸ್ಕಾರ, ಸಿಟ್ಟಿನ ಸಮೇತ.

ಇಂತಿ,
ಹುಲ್ಲು ಕೊಂದ ಸೊಸೆ

ತಾಜಾಕಲಮು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಕತ್ತರಿಸಿದ್ದು ಮಾವ, ನನಗೆ ನೆರವಾಗಲೆಂದು. ಚಿಗುರು ಕಾಣಲಿಲ್ಲವೇ ಎಂದು ಕೇಳಿದ್ದಕ್ಕೆ "ಹಸಿರು ಎಲ್ಲಿತ್ತಮ್ಮ, ಎಲ್ಲಾ ಬೂದಿ ಬಣ್ಣ ಇತ್ತಲ್ಲ" ಅಂದರು. ಎರಡು ತಿಂಗಳಿಂದ ಪೇಪರ್ ಹಿಡಿದು ಕೂರುತ್ತಾರೆ, ಪುಟ ತಿರುಗಿಸುವುದಿಲ್ಲ. ನಿಮಗೆ ಹೇಳಬಾರದೆಂದು ಭಾಷೆ ತೆಗೆದುಕೊಂಡಿದ್ದರು. ಮೊನ್ನೆ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ, ತಡ ಮಾಡಿದರೆ ಉಳಿದ ದೃಷ್ಟಿಯೂ ಹೋಗುತ್ತದಂತೆ. ನೀವಿಲ್ಲದೆ ಆಪರೇಷನ್ ಟೇಬಲ್ ಹತ್ತುವುದಿಲ್ಲ ಅನ್ನುತ್ತಾರೆ. ಹುಲ್ಲಿನಲ್ಲಿ ನಾಲ್ಕು ಬುಡ ಆಗಲೇ ಮತ್ತೆ ಚಿಗುರಿವೆ, ಅದರ ಚಿಂತೆ ಬಿಡಿ. ಗುರುವಾರ ಆಪರೇಷನ್‌ಗೆ ದಿನ ಕೊಟ್ಟಿದ್ದಾರೆ, ಅದರೊಳಗೆ ಬನ್ನಿ. ಬಂದು ನನ್ನನ್ನೇ ಬೈಯಿರಿ, ಅವರನ್ನು ಬೈಯಬೇಡಿ.