ಕರಗದೆ ಉಳಿದ ಏಳು

೧೨ ಜೂನ್ ೨೦೦೬, ಸೋಮವಾರ

ಆರೂವರೆ ಬಸ್ಸು. ಮಂಚೇನಹಳ್ಳಿಯವರೆಗೆ ನಿಂತೇ ಬಂದೆ. ಮುದ್ದೇನಹಳ್ಳಿ ಆಚೆಯ ನಮ್ಮ ಆರೋಗ್ಯ ಉಪಕೇಂದ್ರ ತಲುಪುವಾಗ ಒಂಬತ್ತು. ಮೂವತ್ತೊಂದು ಮಕ್ಕಳಿಗೆ ಇಂಜೆಕ್ಷನ್. ಸಂಜೆ ಮತ್ತೆ ಗೌರಿಬಿದನೂರು. ಕಾಲು ಊದಿದೆ.

ಮನೆಯಲ್ಲಿ ಪೋಸ್ಟ್ ಬಂದಿತ್ತು. ಹನ್ನೊಂದನೆಯದು. ಸಂಬಳದಲ್ಲಿ ಕಂತು ಕಟ್ಟುತ್ತೇನೆ, ಹಳೇ ಕಾಲದ ನಾಣ್ಯಗಳ ಮಾದರಿಯಲ್ಲಿ ಕಂಪನಿಯವರು ತಿಂಗಳಿಗೊಂದು ಬೆಳ್ಳಿ ನಾಣ್ಯ ಮಾಡಿ ಕಳಿಸುತ್ತಾರೆ. ಹನ್ನೆರಡಕ್ಕೆ ಸೆಟ್ ಮುಗಿಯುತ್ತದೆ. ಈ ಸಲ ಗಂಡಭೇರುಂಡ. ಒಂದೊಂದು ಗರಿಯೂ ಬೆರಳಿಗೆ ಸಿಗುತ್ತದೆ.

ಅಮ್ಮ ಅಡುಗೆಮನೆಯಿಂದಲೇ, "ಬಂತೇನೇ ನಿನ್ ಬಿಲ್ಲೆ?" ಎಂದಳು. ನೋಡಲು ಬರಲಿಲ್ಲ.

೨೫ ಜೂನ್, ಭಾನುವಾರ

ತಮ್ಮ ವೇಣುಗೋಪಾಲನ ಮಗುವಿಗೆ ಮುಂದಿನ ತಿಂಗಳು ನಾಮಕರಣ.

"ಮಗೂಗೆ ಉಡಿದಾರ, ಕಾಲ್ಗಡಗ ಆಗ್ಬೇಕು. ನಿನ್ ಬಿಲ್ಲೆಗಳು ಸುಮ್ನೆ ಡಬ್ಬೀಲಿ ಬಿದ್ದವೆ. ಕರಗಿಸಣ ಕಣೇ ಶೈಲಜಾ."

"ಬೇಡಮ್ಮ. ಅವು ನನ್ನವು."

"ಮದ್ವೆಯಿಲ್ಲ, ಮಕ್ಕಳಿಲ್ಲ. ಯಾರಿಗಂತ ಕೂಡಿಡ್ತೀಯ?"

ಯೂನಿಫಾರಂ ಸೀರೆ ನೆನೆಹಾಕಿದೆ.

೮ ಜುಲೈ, ಶನಿವಾರ

ಡಬ್ಬಿ ಖಾಲಿ.

ಅಮ್ಮ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತಲಿಲ್ಲ. "ಮಂಗಳವಾರವೇ ಚಿಕ್ಕಬಳ್ಳಾಪುರದಾಗೆ ಖಲೀಮುಲ್ಲಾ ಅಂಗಡೀಗೆ ಕೊಟ್ವಿ. ಬೆಳ್ಳಿ ಬೆಳ್ಳೀನೇ ಅಲ್ವೇನೇ?"

ವೇಣು ಟಿವಿ ಸೌಂಡ್ ಜಾಸ್ತಿ ಮಾಡಿದ.

ಕೂಗಾಡಬೇಕಿತ್ತು... ಊಟಕ್ಕೆ ಕೂತೆ.

೧೦ ಜುಲೈ, ಬೆಳಿಗ್ಗೆ ಹನ್ನೊಂದು, ಚಿಕ್ಕಬಳ್ಳಾಪುರ ಬಸ್ ಸ್ಟ್ಯಾಂಡ್

ಅರ್ಧ ದಿನ ರಜೆ ಹಾಕಿ ಅಂಗಡಿಗೆ ಹೋದೆ. ಖಲೀಮುಲ್ಲಾ ಸಾಹೇಬರಿಗೆ ಎಪ್ಪತ್ತಿರಬಹುದು. ಇವು ನನ್ನವು, ನನ್ನನ್ನು ಕೇಳದೆ ಕೊಟ್ಟಿದ್ದಾರೆ ಎಂದೆ. ಕನ್ನಡಕ ತೆಗೆದು ಮುಖ ಒರೆಸಿಕೊಂಡರು.

"ಉಡಿದಾರಕ್ಕೆ ನಾಲ್ಕು ಕರಗಿಸ್ಬಿಟ್ಟೆ ಸಿಸ್ಟರ್. ಆಮೇಲೆ ಆ ಎರಡು ತಲೆ ಪಕ್ಷಿ ಕೈಗೆ ಬಂತು. ನನ್ ಕೈಲಿ ಆಗ್ಲಿಲ್ಲ. ಇಂಥ ಕೆಲಸ ನಮ್ಗೂ ಬರಲ್ಲ. ನಿಮ್ ತಮ್ಮಂಗೆ ಫೋನ್ ಮಾಡಿ ಕೇಳ್ದೆ. ಕರಗಿಸ್ರಿ ಸಾಬ್ರೆ, ಅಂದ್ರು. ಆದ್ರೂ ಹಾಗೇ ಇಟ್ಕೊಂಡಿದೀನಿ."

ಏಳು ನಾಣ್ಯಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟರು.

"ಈಗ ನೀವೇ ಹೇಳಿ. ಕಡಗ ಮಾಡ್ಲಾ, ಕೊಡ್ಲಾ?"

"ಕೊಡಿ," ಎಂದೆ.

ಎರಡೇ ಅಕ್ಷರ. ನಲವತ್ತೊಂದು ವರ್ಷ ಬೇಕಾಯಿತು.

ಅದೇ ದಿನ, ಸಂಜೆ

"ಮಗು ಕಾಲು ಬರಿದು ಮಾಡ್ದೆಯಲ್ಲೇ!" ಅಮ್ಮ ಅತ್ತಳು. ವೇಣು, "ಇಷ್ಟಕ್ಕೆಲ್ಲಾ ಇಷ್ಟೊಂದು ಸೀನ್ ಮಾಡ್ತಾರೇನಕ್ಕಾ?" ಎಂದ.

ಉಪಕೇಂದ್ರದ ಕ್ವಾರ್ಟರ್ಸ್ ಕೀ ತಗೊಂಡಿದ್ದೇನೆ, ಹೋಗುತ್ತೇನೆ ಎಂದೆ. ಯಾರೂ ನಂಬಲಿಲ್ಲ. ನಾನೂ ಪೂರ್ತಿ ನಂಬಿಲ್ಲ.

೧೬ ಜುಲೈ, ಭಾನುವಾರ

ನಾಮಕರಣ ಮುಗಿಸಿಕೊಂಡೇ ಹೊರಟೆ. ಮಗುವಿನ ಸೊಂಟದಲ್ಲಿ ಉಡಿದಾರ ಚೆನ್ನಾಗಿಯೇ ಕಾಣುತ್ತಿತ್ತು. ಅದೇ ಬೇಸರ.

ಉಪಕೇಂದ್ರದ ಹಿಂದಿನ ಒಂದೇ ರೂಮು. ಆರು ವರ್ಷ ಬೀಗ ಬಿದ್ದಿದ್ದು. ಮೂರು ಬಕೆಟ್ ಧೂಳು. ಕಿಟಕಿ ತೆಗೆದರೆ ಸ್ಕಂದಗಿರಿ. ನೋಡಲೂ ಸುಸ್ತು. ಮಲಗಿಬಿಟ್ಟೆ.

೬ ಆಗಸ್ಟ್, ಭಾನುವಾರ, ಮಧ್ಯಾಹ್ನ

ಅಮ್ಮ ಬಂದಿದ್ದಾಳೆ. ಒಬ್ಬಳೇ. ಹೇಳದೆ ಕೇಳದೆ. ಬಾಗಿಲಲ್ಲಿ ನಿಂತು, "ಒಳಿಕ್ಕೆ ಬರ್ಲೇನೇ?" ಎಂದಳು. ಹಿಂದೆಂದೂ ಹಾಗೆ ಕೇಳಿದವಳಲ್ಲ.

ಕಾಫಿ ಕುಡಿದು ಲೋಟ ತಾನೇ ತೊಳೆದಿಟ್ಟಳು. ಆಮೇಲೆ, "ಎಲ್ಲಿ, ತೋರ್ಸು ನೋಡಣ," ಎಂದಳು. ಮಂಚದ ಮೇಲೆ ಏಳನ್ನೂ ಹರಡಿದೆ. ಒಂದೊಂದನ್ನೇ ಕಿಟಕಿ ಬೆಳಕಿಗೆ ಹಿಡಿದು ನೋಡಿದಳು. ನಿಧಾನವಾಗಿ. ಸೆರಗಿನಲ್ಲಿ ಒರೆಸಿ ಇಟ್ಟಳು.

"ಕರಗೋದ್ವಲ್ಲ ಆ ನಾಲ್ಕು... ಅವುಗಳ ಮೇಲೆ ಏನೇನಿತ್ತೇ?"

ಏನೂ ಹೇಳಬಾರದು ಅನ್ನಿಸಿತು. ಅವಳು ಕಾಯುತ್ತ ಕೂತಳು.

ಮೊದಲನೆಯದರಲ್ಲಿ ಆನೆ ಇತ್ತಮ್ಮ, ಎಂದೆ. ಎರಡನೆಯದರಲ್ಲಿ—