ನೀವು ಮನಿಲಾ ಕೇಳುತ್ತಿದ್ದ ಸಂಜೆ

ಫಾರ್ಮಿಂಗ್ಟನ್ ಹಿಲ್ಸ್, ಮಿಶಿಗನ್
ಭಾನುವಾರ, ಆಗಸ್ಟ್ ೧೨, ೨೦೦೧

ಪ್ರೀತಿಯ ರಾಜಶೇಖರ ಅವರಿಗೆ,

ಲಕೋಟೆ ದಪ್ಪಗಿದೆ ಎಂದು ವಕೀಲರ ಕಾಗದವೇನೋ ಅಂದುಕೊಳ್ಳಬೇಡಿ. ನಾನೇ ಬರೆದದ್ದು. ಸ್ಮಿತಾ ಮತ್ತು ಅವಳ ಗಂಡ ಹೊರಗೆ ಹೋಗಿದ್ದಾರೆ. ಅವರು ಬರುವುದರೊಳಗೆ ಮುಗಿಸಬೇಕೆಂದು ಕುಳಿತಿದ್ದೇನೆ. ಹನ್ನೊಂದು ವರ್ಷ ಒಂದೇ ಸೂರಿನಡಿ ಇದ್ದವರಿಗೆ ಪತ್ರ ಬರೆಯುವ ಪ್ರಸಂಗವೇ ಬಂದಿರಲಿಲ್ಲ. ಆದ್ದರಿಂದ ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ಎರಡು ಹಾಳೆ ಹರಿದು ಹಾಕಿದ್ದೇನೆ.

ಏಪ್ರಿಲ್‌ನಲ್ಲಿ ಪ್ಲೇನ್‌ಫೀಲ್ಡಿನ ಮನೆ ಬಿಟ್ಟು ಚಿಕ್ಕಪ್ಪನ ಮಗಳು ಸ್ಮಿತಾಳ ಮನೆಗೆ ಬಂದವಳು ನಾನು. ನೀವು ಬಿಟ್ಟುಹೋಗು ಅನ್ನಲಿಲ್ಲ. ಬಾಗಿಲಲ್ಲಿ ನಿಂತು "ನಾ ಏನ ಹೇಳಿದ್ರೂ ಕಡಿಮಿನ" ಎಂದಿರಿ, ಅಷ್ಟೆ. ಆ ಮಾತು ಈಗ ನನ್ನನ್ನು ಮಲಗಗೊಡುತ್ತಿಲ್ಲ. ಮೊದಲಿಂದ ಹೇಳುತ್ತೇನೆ.

ನಿಮ್ಮ ಗೆಳತಿ ತೆರೆಸಿತಾಳನ್ನು ಕಣ್ಣಾರೆ ಕಾಣುವ ಮೊದಲೇ ನನಗೆ ಅವಳ ಭಾಷೆಯ ಮೇಲೆ ಹೊಟ್ಟೆಕಿಚ್ಚಿತ್ತು. ಮದುವೆಗೆ ಮುಂಚೆ ನೀವು ಫಿಲಿಪೀನ್ಸಿನ ಲಾಸ್ ಬಾನ್ಯೋಸ್‌ನಲ್ಲಿ ಭತ್ತದ ಮೇಲೆ ಓದುತ್ತ ಕಳೆದ ಆರು ವರ್ಷಗಳಿವೆಯಲ್ಲ, ಅವುಗಳ ಮೇಲೂ ಇತ್ತು. ಭಾನುವಾರ ಮಧ್ಯಾಹ್ನ ಶಿಕಾಗೋದಿಂದ ಬರುವ ಒಂದು ತಾಸಿನ ಫಿಲಿಪಿನೋ ಕಾರ್ಯಕ್ರಮಕ್ಕೆ ನೀವು ರೇಡಿಯೊ ಹಿಡಿದುಕೊಂಡು ಅಡುಗೆಮನೆಯ ಕಿಟಕಿಗೆ ಹೋಗಿ ನಿಲ್ಲುತ್ತಿದ್ದಿರಿ. ಅಲ್ಲಿ ಮಾತ್ರ ಅದು ಸರಿಯಾಗಿ ಕೇಳಿಸುತ್ತಿತ್ತು. ನಾನು ಅದೇ ಹೊತ್ತಿಗೆ ಮಿಕ್ಸರ್ ಹಚ್ಚುತ್ತಿದ್ದೆ. ಚಟ್ನಿ ಬೇಕಾಗಿರಲಿಲ್ಲ, ಬೇಕಂತಲೇ ಹಚ್ಚುತ್ತಿದ್ದೆ. ನೀವು ಸಿಟ್ಟಾಗಲಿಲ್ಲ. ಒಮ್ಮೆ ಸಣ್ಣ ಮಗುವಿನ ಹಾಗೆ ನನ್ನನ್ನು ಕರೆದಿರಿ.

"ರೇಣು, ಇಲ್ಲಿ ಬಾ. ಇವರೂ ಮುಖಕ್ಕ ಮುಖಾ ಅಂತಾರ. ಆಸೆಗೆ ಆಸಾ ಅಂತಾರ. ಮಾಸ್ತರಗ ಗುರೋ ಅಂತಾರ. ನಮ್ಮ ಮಾತು ಸಮುದ್ರ ದಾಟಿ ಎಲ್ಲಿಗೆ ಹೋಗೇತಿ ನೋಡು!"

ನಾನೆಂದೆ, "ಹಂಗಾರ ಅಲ್ಲೇ ಒಬ್ಬಾಕಿನ್ನ ನೋಡಿ ಮಾಡ್ಕೋಬೇಕಿತ್ತು."

ಅದಾದ ಮೇಲೆ ನೀವು ನನ್ನನ್ನು ಕಿಟಕಿಗೆ ಕರೆಯಲಿಲ್ಲ.

ತೊಂಬತ್ತೊಂಬತ್ತರಲ್ಲಿ ತೆರೆಸಿತಾ ಸಿಕ್ಕಳು. ಮೀನಿನಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಯಾರೋ ನಿಮ್ಮ ಹೆಗಲು ತಟ್ಟಿದರು, ನೀವಿಬ್ಬರೂ ಅಲ್ಲೇ ಕೂಗಾಡಿ ನಕ್ಕಿರಿ. ಒಂದೇ ಪ್ರಯೋಗಶಾಲೆಯಲ್ಲಿ ಓದಿದವರು. ಗಂಡ ತೀರಿಕೊಂಡ ಮೇಲೆ ಬೋಲಿಂಗ್‌ಬ್ರೂಕಿಗೆ ಬಂದು ನೆಲೆಸಿದ್ದಳು, ನಮ್ಮ ಮನೆಯಿಂದ ಹತ್ತೇ ಮೈಲು. ಅವಳ ಮನೆಯ ಊಟಕ್ಕೆ ಹೋದ ದಿನ ನಿಮಗೆ ನೆನಪಿದೆಯೋ ಇಲ್ಲವೋ. ಯುಗಾದಿ ಕಾರ್ಯಕ್ರಮದಲ್ಲಿ ಎಷ್ಟು ಒತ್ತಾಯ ಮಾಡಿದರೂ ಕೊನೆಯ ಕುರ್ಚಿ ಬಿಟ್ಟು ಏಳದ ನನ್ನ ಗಂಡ ಅಂದು ಮೈಕ್ ಹಿಡಿದು, ಕಣ್ಣು ಮುಚ್ಚಿ ಹಾಡಿದರು. ಅಲ್ಲಿದ್ದ ಹೆಂಗಸರು ಕಣ್ಣೊರೆಸಿಕೊಂಡರು. ನನಗೆ ಒಂದು ಪದವೂ ತಿಳಿಯಲಿಲ್ಲ. ನಿಮಗೆ ಹಾಡಲು ಬರುತ್ತದೆ ಎನ್ನುವುದೇ ನನಗೆ ಅಂದು ಗೊತ್ತಾದದ್ದು. ವಾಪಸು ಬರುವಾಗ ಕಾರಿನಲ್ಲಿ ಕಿಟಕಿಗೆ ಮುಖ ಮಾಡಿ ಕುಳಿತೆ. ತಲೆನೋವು ಎಂದೆ.

ಆಮೇಲೆ ಅವಳ ಫೋನುಗಳು ಶುರುವಾದವು. ವಾರಕ್ಕೆರಡು ಸಲ. ನಾನು ಕದ್ದು ಕೇಳುತ್ತಿದ್ದೆ. ಬೇಸ್‌ಮೆಂಟಿನಲ್ಲಿ ವಾಷಿಂಗ್ ಮಷೀನಿನ ಪಕ್ಕದ ಗೋಡೆಯ ಮೇಲೆ ಇನ್ನೊಂದು ಫೋನಿತ್ತಲ್ಲ, ಅದರಲ್ಲಿ. ಎರಡು ಬಟ್ಟೆಗೂ ಮಷೀನ್ ಹಾಕಿ, ಸದ್ದಿನ ಮರೆಯಲ್ಲಿ ರಿಸೀವರ್ ಎತ್ತುತ್ತಿದ್ದೆ. ಮೊದಮೊದಲು ನೀವಿಬ್ಬರೂ "ಹಿಂದೀ, ಹಿಂದೀ" ಅನ್ನುವುದನ್ನು ಕೇಳಿ, ಹಿಂದಿಯ ಬಗ್ಗೆ ಇಷ್ಟೇಕೆ ಮಾತಾಡುತ್ತಾರೆ ಎಂದುಕೊಂಡಿದ್ದೆ. ಅವರಲ್ಲಿ ಅದಕ್ಕೆ "ಇಲ್ಲ" ಎಂದರ್ಥವಂತೆ. ಹಳೆ ಪುಸ್ತಕದಂಗಡಿಯಿಂದ ಒಂದು ನಿಘಂಟು ತಂದು ಅಕ್ಕಿಯ ಡಬ್ಬಿಯ ಹಿಂದೆ ಇಟ್ಟೆ. ಕೇಳಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ, ನೀವು ಆಫೀಸಿಗೆ ಹೋದ ಮೇಲೆ ಹುಡುಕುತ್ತಿದ್ದೆ. ಒಂದೂವರೆ ವರ್ಷ! ಯಾವ ಪರೀಕ್ಷೆಗೂ ನಾನು ಹಾಗೆ ಓದಿದವಳಲ್ಲ.

ಅಷ್ಟು ಓದಿ ಸಿಕ್ಕಿದ್ದೇನು? ಭತ್ತದ ಬೆಲೆ. ಯಾರದೋ ತಾಯಿಯ ಕಣ್ಣಿನ ಆಪರೇಷನ್. ಹಳೆಯ ಪ್ರೇಮಗೀತೆಯೊಂದರ ಎರಡನೇ ಸಾಲು ಯಾವುದು ಎಂದು ಜಗಳ. ಅವರ ರಾಷ್ಟ್ರಪತಿಯ ಲಂಚದ ಸುದ್ದಿ. ನಾನು ಕಾಯುತ್ತಿದ್ದ ಮಾತು ಬರಲೇ ಇಲ್ಲ. ಬರದಿದ್ದಷ್ಟೂ ಅನುಮಾನ ಬಲಿಯಿತು. ನನಗೆ ಗೊತ್ತಿಲ್ಲದ ಪದಗಳಲ್ಲೇ ಅದನ್ನು ಆಡುತ್ತಿದ್ದಾರೆ ಎಂದುಕೊಂಡೆ.

ಇನ್ನು ಜನವರಿ ಹತ್ತೊಂಬತ್ತು. ಎಲ್ಲರಿಗೂ ನಾನು ಹೇಳಿದ್ದು ಹೀಗೆ: ಆ ವಾರವೆಲ್ಲ ಮನಿಲಾದ ಜನ ರಾಷ್ಟ್ರಪತಿ ಇಳಿಯಲಿ ಎಂದು ಬೀದಿಗೆ ಬಂದಿದ್ದರು. ನೀವು ಆಫೀಸಿನಿಂದ ಬಂದವರೇ ಕಂಪ್ಯೂಟರಿಗೆ ಫೋನ್ ಲೈನು ಸಿಕ್ಕಿಸಿ ಅಲ್ಲಿಯ ರೇಡಿಯೊ ಕೇಳುತ್ತ ಕುಳಿತಿರಿ. ಗದಗಿನಲ್ಲಿ ನಸುಕಿನಲ್ಲೇ ನಮ್ಮ ಅವ್ವನಿಗೆ ಲಕ್ವ ಹೊಡೆಯಿತು. ತಮ್ಮ ಶಿವರಾಮು ನಮ್ಮ ಸಂಜೆ ಆರೂವರೆಯಿಂದ ಒಂಬತ್ತೂ ಕಾಲರವರೆಗೆ ಹಚ್ಚೇ ಹಚ್ಚಿದ, ಲೈನು ಸಿಗಲಿಲ್ಲ. ಸಿಕ್ಕಾಗ ಅವ್ವನ ಮಾತು ನಿಂತು ಇಪ್ಪತ್ತು ನಿಮಿಷವಾಗಿತ್ತು.

ಅವನು ಅಳುತ್ತ ಹೇಳಿದ್ದನ್ನು ನಾನು ನಿಮಗೆ ಪೂರ್ತಿ ಹೇಳಿರಲಿಲ್ಲ. "ಅಕ್ಕಾ, ಎರಡ ತಾಸು ಚಲೋ ಮಾತಾಡಿದಳು. ರೇಣುನ ಕೂಡ ಮಾತಾಡಸು ಅಂದಳು. ಲೈನ್ ಸಿಗವಲ್ದು ಅಂದೆ. ಅಲ್ಲಿ ಈಗ ಹಗಲೋ ರಾತ್ರಿಯೋ, ಮಲಗಿದ್ದರ ಎಬ್ಬಿಸಬ್ಯಾಡ ಅಂದಳು."

ರಿಸೀವರ್ ಇಟ್ಟು ನಾನು ನಿಮ್ಮ ಮೇಲೆ ಬಿದ್ದೆ. "ನಿಮ್ಮ ಮನಿಲಾ ನಮ್ಮವ್ವನ್ನ ನುಂಗ್ತು" ಎಂದೆ. ನೀವು ಕಂಪ್ಯೂಟರಿನ ವೈರು ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತಿರಿ. ನಾನು ಗದಗ ಮುಟ್ಟಿದ ಮರುದಿನ ಅವ್ವ ಹೋದಳು. ನನ್ನ ಕೈ ಹಿಡಿದಿದ್ದಳು, ಮಾತಿರಲಿಲ್ಲ. ದಿನಕರ್ಮಕ್ಕೆ ಬಂದ ಬಂಧುಗಳೆಲ್ಲರ ಮುಂದೆ ಇದೇ ಕಥೆ ಹೇಳಿದೆ. ವಾಪಸು ಬಂದು ನೋಡಿದರೆ ನಿಮ್ಮ ರೇಡಿಯೊ ಗ್ಯಾರೇಜಿನ ಅಟ್ಟ ಸೇರಿತ್ತು. ಕ್ಯಾಸೆಟ್ಟುಗಳೆಲ್ಲ ಯಾರ ಮನೆಗೋ ಹೋಗಿದ್ದವು. ತೆರೆಸಿತಾ ಫೋನ್ ಮಾಡಿದರೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ ಇಟ್ಟುಬಿಡುತ್ತಿದ್ದಿರಿ. ಮನೆ ನಾನು ಬಯಸಿದ ಹಾಗೆಯೇ ಆಗಿತ್ತು. ಆದರೂ ಆ ಮನೆಯಲ್ಲಿ ನನಗೆ ಉಸಿರು ಕಟ್ಟತೊಡಗಿತು. ಅದಕ್ಕೂ ನೀವೇ ಕಾರಣ ಎಂದು ಹೇಳಿ ಇಲ್ಲಿಗೆ ಬಂದೆ.

ಸ್ಮಿತಾ ನನಗೆ ತಾನು ಕೆಲಸ ಮಾಡುವ ಆಸ್ಪತ್ರೆಯ ಹತ್ತಿರವೇ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸ ಕೊಡಿಸಿದಳು. ಊಟ ಮಾಡಿಸುವುದು, ಹಾಸಿಗೆ ಬದಲಿಸುವುದು. ಜೂನ್ ಕೊನೆಗೆ ಅಲ್ಲಿಗೊಬ್ಬ ಅಜ್ಜಿ ಬಂದರು. ಲೋಲಾ ಪೂರಿಂಗ್. ಲೋಲಾ ಎಂದರೆ ಅಜ್ಜಿ, ನಿಮಗೆ ಹೇಳಬೇಕಾಗಿಲ್ಲ. ಮೂವತ್ತು ವರ್ಷ ಡೆಟ್ರಾಯಿಟ್‌ನಲ್ಲಿ ನರ್ಸ್ ಆಗಿದ್ದವರು. ಲಕ್ವ ಹೊಡೆದ ಮೇಲೆ ಇಂಗ್ಲಿಷ್ ಪೂರ್ತಿ ಹೋಗಿ, ಹುಟ್ಟಿದೂರಿನ ಫಿಲಿಪಿನೋ ಭಾಷೆ ಮಾತ್ರ ಉಳಿದಿತ್ತು. ಅವರು ದಿನವಿಡೀ ಏನೋ ಹೇಳುತ್ತಿದ್ದರು, ಯಾರಿಗೂ ತಿಳಿಯುತ್ತಿರಲಿಲ್ಲ. ಮಗ ಬರುವುದು ಭಾನುವಾರ ಮಾತ್ರ.

ಹೊರಗೆ ತೊಂಬತ್ತೈದು ಡಿಗ್ರಿ ಇದ್ದ ಒಂದು ಮಧ್ಯಾಹ್ನ ಅಜ್ಜಿ ಊಟದ ತಟ್ಟೆ ನೂಕಿ ಕೂಗತೊಡಗಿದರು. ನರ್ಸ್ ಸೆಕೆಯೆಂದು ತಿಳಿದು ಏಸಿ ಹೆಚ್ಚಿಸಿದಳು. ಅಜ್ಜಿ ಇನ್ನೂ ಜೋರಾಗಿ "ಗಿನಿಗಿನಾವ್ ಆಕೋ" ಎಂದರು. ನೀವು ಜನವರಿಯಲ್ಲಿ ಗ್ಯಾರೇಜಿನಿಂದ ಒಳಗೆ ಬರುವಾಗ ಕೈ ಉಜ್ಜಿಕೊಳ್ಳುತ್ತ ಹೇಳುತ್ತಿದ್ದ ಪದ! ನನ್ನ ಬಾಯಿಂದ "ಅವರಿಗೆ ಚಳಿ ಆಗ್ತಿದೆ" ಎಂದು ಇಂಗ್ಲಿಷಿನಲ್ಲಿ ಬಂದುಬಿಟ್ಟಿತು. ಕಂಬಳಿ ಹೊದಿಸಿದೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದು ಮಾತಿನ ಮಳೆ ಸುರಿಸಿದರು. ಅರ್ಧದಷ್ಟು ನನಗೆ ತಿಳಿಯಿತು.

ಅಂದಿನಿಂದ ಅಜ್ಜಿಯ ಕೋಣೆ ನನ್ನದಾಯಿತು. ನೀವು ಕಿಟಕಿಯಲ್ಲಿ ಗುನುಗುತ್ತಿದ್ದ ಹಾಡುಗಳಲ್ಲಿ ಒಂದನ್ನು ತಪ್ಪು ತಪ್ಪಾಗಿ ಹಾಡಿದೆ. ಅವರು ನನ್ನ ಕೆನ್ನೆಗೆ ಮೆಲ್ಲಗೆ ಒಂದು ಏಟು ಹಾಕಿ, ತಾವೇ ಸರಿಯಾಗಿ ಹಾಡಿ ತೋರಿಸಿದರು. ಅವರ ಮಗ ವಾರದ ಪತ್ರಿಕೆ ತಂದುಕೊಟ್ಟರೆ ನಾನು ಅಕ್ಷರ ಕೂಡಿಸಿ ಮನಿಲಾದ ಸುದ್ದಿ ಓದುತ್ತೇನೆ, ಅಜ್ಜಿ ಮಂತ್ರಿಗಳನ್ನು ಬೈಯುತ್ತಾರೆ. ನಾನು ನಿಮ್ಮ ಮೇಲಿನ ಕಿಚ್ಚಿಗೆ ಕಲಿತ ಭಾಷೆಯಿಂದ ಒಬ್ಬ ಮುದುಕಿಗೆ ಊಟ ಸೇರುತ್ತಿದೆ.

ಹೋದ ಗುರುವಾರ ಸ್ಮಿತಾಳ ಕಾರು ಕೆಟ್ಟು ಒಂದು ತಾಸು ತಡವಾಗಿ ಹೋದೆ. ಅಜ್ಜಿ ಬಾಗಿಲನ್ನೇ ನೋಡುತ್ತಿದ್ದರು. ನನ್ನನ್ನು ಮಗಳೆಂದುಕೊಂಡರೋ ಏನೋ, ಸಿಟ್ಟಿಲ್ಲದ ದನಿಯಲ್ಲಿ "ಆಂಗ್ ತಗಾಲ್ ಮೋ" ಎಂದರು. ಎಷ್ಟು ತಡ ಮಾಡಿದೆ ನೀನು. ಮಾತು ಹೋದ ನಮ್ಮವ್ವ ಕಣ್ಣಲ್ಲಿ ಕೇಳಿದ್ದು ಅದೇ ಇರಬೇಕು. ಮಂಚದ ಪಕ್ಕ ಕುಳಿತು, ಏಳು ತಿಂಗಳಿಂದ ಯಾರಿಗೂ ಹೇಳದ್ದನ್ನು ಅವರಿಗೆ ಕನ್ನಡದಲ್ಲಿ ಹೇಳಿದೆ. ಈಗ ನಿಮಗೆ ಹೇಳುತ್ತಿದ್ದೇನೆ.

ಆ ಸಂಜೆ ಲೈನು ಹಿಡಿದದ್ದು ನೀವಲ್ಲ.

ಆರೂವರೆಗೆ ನೀವು ಕಂಪ್ಯೂಟರ್ ಬಿಟ್ಟಿದ್ದಿರಿ. ಬಿಟ್ಟ ಕೂಡಲೇ ತೆರೆಸಿತಾಳ ಫೋನು ಬಂತು. ನಾನು ಕೆಳಗೆ ರಿಸೀವರ್ ಎತ್ತಿದೆ. ಇಬ್ಬರೂ ಮನಿಲಾದ ಜನಸಾಗರದ ಮಾತಾಡುತ್ತಿದ್ದಿರಿ. ನಡುವೆ ಅವಳು ನಿಮ್ಮನ್ನು ಕೇಳಿದಳು: "ನಗ್‌ಸೆಸೆಲೋಸ್ ಬಾ ಸಿಯಾ?" ಸೇಲೋಸ್ ಎಂದರೆ ಹೊಟ್ಟೆಕಿಚ್ಚು. ಅದು ನಾನು ನಿಘಂಟಿನಲ್ಲಿ ಎಲ್ಲಕ್ಕಿಂತ ಮೊದಲು ಹುಡುಕಿದ ಪದ. ಅವಳಿಗೆ ಹೊಟ್ಟೆಕಿಚ್ಚೇ ಎಂದು ನನ್ನ ಬಗ್ಗೆ ಕೇಳುತ್ತಿದ್ದಳು! ನೀವು "ಹಿಂದೀ. ನಲುಲುಂಗ್ಕೊತ್ ಲಾಂಗ್ ಸಿಯಾ" ಎಂದಿರಿ. ಇಲ್ಲ ಎಂದದ್ದು ತಿಳಿಯಿತು, ಉಳಿದದ್ದು ತಿಳಿಯಲಿಲ್ಲ. ನನ್ನನ್ನು ಆಡಿಕೊಂಡಿರೆಂದು ಮೈ ಉರಿಯಿತು. ಅಷ್ಟರಲ್ಲಿ ನೀವು ಫೋನಿಟ್ಟು "ರೇಣೂ, ಸುದ್ದಿ ಕೇಳಿಲ್ಲಿ" ಎನ್ನುತ್ತ ಮೆಟ್ಟಿಲಿಳಿದಿರಿ. ಗೋಡೆಗೆ ಸಿಕ್ಕಿಸಲು ಹೊತ್ತಿರಲಿಲ್ಲ. ರಿಸೀವರನ್ನು ಬಟ್ಟೆಬುಟ್ಟಿಯಲ್ಲಿ ತುರುಕಿ, ಮೇಲೆ ಟವೆಲ್ ಒತ್ತಿದೆ. ನಿಮ್ಮ ಹಿಂದೆಯೇ ಮೇಲೆ ಬಂದು ಚಹಾ ಮಾಡಿದೆ, ಮುಖ ಊದಿಸಿಕೊಂಡು ಕುಳಿತೆ. ರಿಸೀವರ್ ತೆಗೆದಿಟ್ಟು ಲೈನು ಕಟ್ಟಿಹಾಕಿದ್ದನ್ನು ಮರೆತೇಬಿಟ್ಟೆ.

ನೀವು ಮತ್ತೆ ರೇಡಿಯೊ ಕೇಳಲು ಹೋದಾಗ ಕಂಪ್ಯೂಟರಿಗೆ ಲೈನು ಸಿಗಲೇ ಇಲ್ಲ. ಅದು ಮತ್ತೆ ಮತ್ತೆ ಯತ್ನಿಸುತ್ತಲೇ ಇತ್ತು, ನೀವು ಹಾಗೇ ಬಿಟ್ಟು ಟೀವಿ ಮುಂದೆ ಕುಳಿತಿರಿ. ಆ ಯತ್ನವೇ ಲೈನನ್ನು ಹಿಡಿದಿತ್ತು ಎಂದು ಇವತ್ತಿಗೂ ನೀವು ನಂಬಿದ್ದೀರಿ. ಒಂಬತ್ತೂ ಕಾಲಿಗೆ ನಾನು ಬಟ್ಟೆ ತೆಗೆಯಲು ಹೋಗಿ, ಕಂಡು, ರಿಸೀವರ್ ಸಿಕ್ಕಿಸಿದೆ. ನಿಮಿಷದೊಳಗೆ ಫೋನು ಬಡಿದುಕೊಂಡಿತು.

ನೀವು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ನೀವು ಕೇಳದ್ದರಿಂದ ಸುಳ್ಳು ನನಗೆ ಸಲೀಸಾಯಿತು.

ನಿನ್ನೆ ಬೆಳಿಗ್ಗೆ ಶಿವರಾಮುಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಮಾವಾರಿಗೆ ಮೊದಲ ಹೇಳು. ಅವರು ಆವಾಗಿಂದ ನನಗ ಎರಡ ಸಲ ಕಾಗದ ಬರದು ಕ್ಷಮಾ ಕೇಳ್ಯಾರ" ಎಂದ. ನೀವು ಅವನಿಗೆ ಬರೆದದ್ದು ನನಗೆ ಗೊತ್ತೇ ಇರಲಿಲ್ಲ.

ನಾನು ಕ್ಷಮೆ ಕೇಳುತ್ತೇನೆ. ಕೊಡಲೇಬೇಕು ಎಂದಲ್ಲ. ಮನೆಗೆ ಬಾ ಎಂದು ಬರೆಯುವ ಮೊದಲು ಚೆನ್ನಾಗಿ ಯೋಚಿಸಿ. ಬೇಡವೆನಿಸಿದರೆ ಅದನ್ನೂ ಬರೆಯಿರಿ, ನಾನು ಯಾರ ಮುಂದೆಯೂ ನಿಮ್ಮನ್ನು ದೂರುವುದಿಲ್ಲ. ಒಂದು ಮಾತ್ರ ಮಾಡಿ. ಇವತ್ತು ಭಾನುವಾರ. ಈ ಪತ್ರ ನಿಮ್ಮ ಕೈ ಸೇರಿದ ಮೇಲಿನ ಭಾನುವಾರ ಅಟ್ಟದಿಂದ ಆ ರೇಡಿಯೊ ಇಳಿಸಿ. ನೀವು ಹಾಡುವುದು ನನ್ನ ಕಿವಿಗೆ ಬೀಳದಿದ್ದರೂ ಸರಿ, ಹಾಡಿ.

ನಿಮ್ಮ
ರೇಣು

ತಾ.ಕ.: ಇದೊಂದನ್ನು ಬರೆಯದೆ ಲಕೋಟೆ ಅಂಟಿಸಲು ಹೊರಟಿದ್ದೆ, ಮನಸ್ಸು ಬರಲಿಲ್ಲ. ನಿನ್ನೆ ಮಧ್ಯಾಹ್ನ ತೆರೆಸಿತಾಳಿಗೂ ಫೋನ್ ಮಾಡಿದೆ. ಅವಳ ಭಾಷೆಯಲ್ಲೇ ತಪ್ಪೊಪ್ಪಿಕೊಂಡೆ. ಎರಡು ಕಡೆ ನನ್ನ ವ್ಯಾಕರಣ ತಿದ್ದಿದಳು. ನಾನು ಕದ್ದು ಕೇಳುತ್ತಿದ್ದುದು ಮೊದಲ ತಿಂಗಳಿಂದಲೇ ಅವಳಿಗೆ ಗೊತ್ತಿತ್ತಂತೆ. ಮಷೀನಿನ ಸದ್ದು, ನನ್ನ ಉಸಿರು ಎರಡೂ ಕೇಳಿಸುತ್ತಿದ್ದವಂತೆ. ನಿಮಗೆ ಹೇಳಲಿಲ್ಲ. ನನಗೆ ತಿಳಿಯಲಿ ಎಂದು ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದಳಂತೆ. ಆ ಸಂಜೆ ನನಗೆ ಹೊಟ್ಟೆಕಿಚ್ಚೇ ಎಂದು ನಿಮ್ಮನ್ನು ಕೇಳಿದ್ದು, ನಿಮ್ಮ ಉತ್ತರ ನನ್ನ ಕಿವಿಗೆ ಬೀಳಲಿ ಎಂದೇ. ನಲುಲುಂಗ್ಕೊತ್ ಎಂದರೇನೆಂದು ಅವಳೇ ಹೇಳಿದಳು. "ಇಲ್ಲ, ಅವಳಿಗೆ ಒಂಟಿತನ, ಅಷ್ಟೆ" ಎಂದಿದ್ದಿರಿ ನೀವು. ಇಷ್ಟು ಒಳ್ಳೆಯವಳಾಗಿದ್ದಾಳಲ್ಲ ಎಂದು ಈಗ ಅವಳ ಮೇಲೆ ಮೊದಲಿಗಿಂತ ಹೆಚ್ಚು ಹೊಟ್ಟೆಕಿಚ್ಚು.