‘ಅಯ್ಯೋ’ ಎಂದ ತಪ್ಪಿಗೆ ಬಂದ ನೋಟಿಸು

ಆರೋಗ್ಯ ಸಂಶೋಧನಾ ವಿಭಾಗದ ಮಾನ್ಯ ನಿರ್ದೇಶಕರೇ,

ತಾವು ಕಳಿಸಿದ ಕಾರಣ ಕೇಳುವ ನೋಟಿಸು ಕೈಸೇರಿದೆ. ಉತ್ತರಕ್ಕೆ ಏಳು ದಿನ ಕೊಟ್ಟಿದ್ದೀರಿ. ಅಷ್ಟೆಲ್ಲ ಬೇಕಾಗಿಲ್ಲ. ತಪ್ಪು ಮಾಡಿದ್ದೇನೆ, ಒಪ್ಪಿಕೊಂಡಿದ್ದೇನೆ. ಆದರೆ ಅದೇ ದಿನ ತಮ್ಮ ಕಚೇರಿಯಿಂದ ವ್ಯಸನ ಚಿಕಿತ್ಸಾ ಕೇಂದ್ರಕ್ಕೂ ಒಂದು ಪತ್ರ ಹೋಗಿದೆ. ನಾನು ಅಲ್ಲಿಗೆ ಕರೆದುಕೊಂಡು ಹೋದ ಮನುಷ್ಯನ ನೋಂದಣಿಯನ್ನು ಬರುವ ಒಂದನೇ ತಾರೀಕಿನಿಂದ ರದ್ದು ಮಾಡಬೇಕೆಂದು ಅದರಲ್ಲಿ ಬರೆದಿದೆಯಂತೆ. ತಪ್ಪು ನನ್ನದು, ಔಷಧಿ ನಿಲ್ಲುವುದು ಅವನಿಗೆ. ಇದು ಯಾವ ಸೀಮೆಯ ನ್ಯಾಯ ಎಂದು ಮುಖತಃ ಕೇಳೋಣವೆಂದು ಎರಡು ಸಲ ತಮ್ಮ ಕಚೇರಿಗೆ ಬಂದೆ. ಎರಡು ಸಲವೂ ತಾವು ಮೀಟಿಂಗಿನಲ್ಲಿದ್ದಿರಿ. ಹಾಗಾಗಿ ಊರಿಗೆಲ್ಲ ಕೇಳುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ, ಬೇಸರಿಸಬೇಡಿ.

ನಾನು ಹದಿನಾಲ್ಕು ವರ್ಷದಿಂದ ತಮ್ಮ ವಿಭಾಗದ ಕ್ಷೇತ್ರ ಸಂದರ್ಶಕಿ. ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡು, ಕೈಯಲ್ಲಿ ಟ್ಯಾಬು ಹಿಡಿದು, ಮನೆಮನೆಗೆ ಹೋಗಿ ಮಾತ್ರೆ, ಮದ್ದು, ಮತ್ತಿನ ಪದಾರ್ಥಗಳ ಬಗ್ಗೆ ತೊಂಬತ್ತಾರು ಪ್ರಶ್ನೆ ಕೇಳುವುದು ನನ್ನ ಕೆಲಸ. ಪ್ರಶ್ನೆಯನ್ನು ಅಚ್ಚಾದಂತೆಯೇ ಓದಬೇಕು. ಜನ ಏನೇ ಹೇಳಿದರೂ ನಾವು ‘ಹೂಂ’ ಎನ್ನಬಹುದು, ‘ಸರಿ’ ಎನ್ನಬಹುದು. ‘ಪಾಪ’ ಎನ್ನುವಂತಿಲ್ಲ, ‘ಛೇ’ ಎನ್ನುವಂತಿಲ್ಲ, ‘ಅಯ್ಯೋ’ ಅಂತೂ ಕೂಡದೇ ಕೂಡದು. ಏಕೆಂದರೆ ಅಯ್ಯೋ ಎಂದ ತಕ್ಷಣ ಎದುರಿಗಿರುವವರು ಕಷ್ಟವನ್ನು ಇನ್ನಷ್ಟು ದೊಡ್ಡದು ಮಾಡಿ ಹೇಳಬಹುದು, ಉತ್ತರ ಒಂದು ಕಡೆಗೆ ವಾಲಬಹುದು. ಇದಕ್ಕೆಂದೇ ತರಬೇತಿಯಲ್ಲಿ ಒಂದು ಇಡೀ ಮಧ್ಯಾಹ್ನ ಮೀಸಲು. ಇಬ್ಬಿಬ್ಬರನ್ನು ಎದುರುಬದುರು ಕೂರಿಸುತ್ತಾರೆ. ಒಬ್ಬರು ಕೇಳಲಾಗದಂಥ ಕಷ್ಟದ ಕತೆ ಓದಬೇಕು, ಇನ್ನೊಬ್ಬರು ಗೋಡೆ ನೋಡಿದ ಹಾಗೆ ನೋಡುತ್ತ ಹೂಂ ಎನ್ನಬೇಕು. ನನ್ನ ಜೊತೆಗಾತಿ ಮೂರು ಸಲ ಫೇಲಾದಳು. ‘ನಮ್ಮಮ್ಮ ಹೋದಾಗ್ಲೂ ನಾನು ಇಷ್ಟು ಕಷ್ಟಪಟ್ಟು ಅಳು ತಡ್ಕೊಂಡಿರ್ಲಿಲ್ಲ ಕಣೆ’ ಎಂದಳು. ನಾನು ಮೊದಲ ಸಲಕ್ಕೇ ಪಾಸಾದೆ. ಆಗ ಅದನ್ನು ಹೆಮ್ಮೆ ಎಂದುಕೊಂಡಿದ್ದೆ.

ಇಂಥ ನಾನು ಈ ಸಲ ಒಂದು ಮನೆಯಲ್ಲಿ, ಧ್ವನಿಮುದ್ರಣದ ನಲವತ್ತೊಂದನೇ ನಿಮಿಷದಲ್ಲಿ, ‘ಅಯ್ಯೋ’ ಎಂದಿದ್ದೇನೆ. ಗುಣಮಟ್ಟ ಪರಿಶೀಲನೆಯವರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೇಳಿ ಬರೆದಿದ್ದಾರೆ, ಸುಳ್ಳಲ್ಲ. ಆಮೇಲೆ ಚಿಕಿತ್ಸಾ ಕೇಂದ್ರದ ವಿಳಾಸ ಹೇಳಿದ್ದೇನೆ. ಅದಾದ ಮೇಲೆ ಒಂದು ದಿನ ರಜೆ ಹಾಕಿ ಆ ಮನುಷ್ಯನನ್ನು ಕೇಂದ್ರಕ್ಕೆ ಕರೆದುಕೊಂಡೂ ಹೋಗಿದ್ದೇನೆ. ಮೂರೂ ನಿಜ.

ಆ ಮನೆ ಯಾವುದೆಂದು ಹೇಳುತ್ತೇನೆ. ಹೆಸರು ಹೇಳುವುದಿಲ್ಲ. ‘ಬರೀರಿ, ಆದ್ರೆ ಹೆಸ್ರು ಬೇಡ, ಕೆಲ್ಸ ಕೊಡೋರೂ ಓದ್ತಾರೆ’ ಎಂದು ಆ ಮನೆಯವರೇ ಹೇಳಿದ್ದಾರೆ. ಎರಡು ಕೋಣೆ. ಮುಂದಿನದರಲ್ಲಿ ಹೊಲಿಗೆ ಯಂತ್ರ, ಕತ್ತರಿಸಿಟ್ಟ ಶಾಲಾ ಸಮವಸ್ತ್ರಗಳ ರಾಶಿ. ಯಂತ್ರದ ಹಿಂದೆ ಕೂತಿರುವವಳು ಅಕ್ಕ, ಗೋಡೆಗೆ ಬೆನ್ನು ಕೊಟ್ಟು ಕೂತಿರುವವನು ತಮ್ಮ. ಅವನು ಕಲ್ಲುಚಪ್ಪಡಿಯ ಗೋದಾಮಿನಲ್ಲಿ ಹಮಾಲಿಯಾಗಿದ್ದ. ಆರು ವರ್ಷದ ಹಿಂದೆ ಲಾರಿಯಿಂದ ಬಿದ್ದು ಬೆನ್ನು ಮುರಿದುಕೊಂಡ. ಆಸ್ಪತ್ರೆಯ ವೈದ್ಯರು ನೋವಿಗೆ ಮಾತ್ರೆ ಬರೆದರು. ಒಳ್ಳೆಯ ಮಾತ್ರೆ, ನೋವು ಹೋಯಿತು. ಮುಂದಿನ ತಿಂಗಳೂ ಬರೆದರು. ಎರಡು ವರ್ಷ, ಮುಖ ಕೂಡ ಎತ್ತಿ ನೋಡದೆ ಬರೆದೇ ಬರೆದರು. ಸಮೀಕ್ಷೆಯ ಮೊದಲ ಸುತ್ತಿಗೆ ನಾನು ಆ ಮನೆಗೆ ಹೋದದ್ದು ಆ ಕಾಲದಲ್ಲಿ. ‘ವೈದ್ಯರ ಚೀಟಿಯ ಮೇರೆಗೆ’ ಎಂಬ ಉತ್ತರದ ಕೋಡನ್ನು ಟ್ಯಾಬಿನಲ್ಲಿ ಒತ್ತಿ, ಹೂಂ ಎಂದು ಎದ್ದು ಬಂದೆ.

ನಾವು ಹಾಗೆ ಒತ್ತಿದ ಕೋಡುಗಳನ್ನೆಲ್ಲ ಕೂಡಿಸಿ ತಾವು ಒಂದು ವರದಿ ಮಾಡಿದಿರಿ. ವೈದ್ಯರು ಇಂಥ ಮಾತ್ರೆ ವಿಪರೀತ ಬರೆಯುತ್ತಿದ್ದಾರೆ ಎಂದಿತು ವರದಿ. ಸತ್ಯವನ್ನೇ ಹೇಳಿತು, ಅದರಲ್ಲಿ ನನ್ನ ಚಪ್ಪಲಿಯೂ ಸವೆದಿದೆ. ವರದಿಯ ಬೆನ್ನಿಗೇ ಸುತ್ತೋಲೆ ಹೊರಟಿತು. ಎರಡು ವರ್ಷ ಕಣ್ಣುಮುಚ್ಚಿ ಬರೆದ ಅದೇ ವೈದ್ಯರು ಒಂದು ಬೆಳಿಗ್ಗೆ ‘ಮೇಲಿಂದ ಆರ್ಡರ್ ಬಂದಿದೆ, ಇನ್ನು ಬರೆಯೋಕಾಗಲ್ಲ, ಮುಂದಿನವ್ರು ಬನ್ನಿ’ ಎಂದರು. ಹಂತಹಂತವಾಗಿ ಕಡಿಮೆ ಮಾಡಬೇಡವೇ? ಬದಲಿಗೆ ಏನು ಎಂದು ಹೇಳಬೇಡವೇ? ಆರಡಿ ಆಳು ಮೂರು ದಿನ ನಡುಗುತ್ತ, ವಾಂತಿ ಮಾಡುತ್ತ ಸಮವಸ್ತ್ರದ ಬಟ್ಟೆ ಹೊದ್ದು ಮಲಗಿದ್ದ ಎಂದು ಅಕ್ಕ ಹೇಳುತ್ತಾಳೆ. ನಾಲ್ಕನೇ ದಿನ ಬಸ್ ನಿಲ್ದಾಣದ ಹಿಂದೆ ಯಾರ ಹತ್ತಿರವೋ ಕೊಂಡುಕೊಂಡ. ಮುಂದಿನ ವರ್ಷ ತಾವು ಇನ್ನೊಂದು ವರದಿ ತಂದಿರಿ: ಚೀಟಿಗಳು ಮೂರರಲ್ಲಿ ಒಂದು ಭಾಗ ಇಳಿದಿವೆ! ಬಿಡುಗಡೆಯ ದಿನ ತೆಗೆದ ಫೋಟೋದಲ್ಲಿ ಎಲ್ಲರೂ ನಗುತ್ತಿದ್ದೀರಿ. ಚೀಟಿ ಇಳಿಯಿತು ಸ್ವಾಮಿ, ಚೀಟಿ ಹಿಡಿದಿದ್ದವರು ಎಲ್ಲಿಗೆ ಹೋದರು ಎಂದು ಒಬ್ಬರಾದರೂ ಕೇಳಿದಿರಾ?

ಎರಡನೇ ಸುತ್ತಿಗೆ ಹೋದಾಗ ಅವನು ಅರ್ಧ ತೂಕ ಆಗಿದ್ದ. ‘ಏನ್ ಮೇಡಂ, ನಮ್ಮನ್ನ ಮರೀಲಿಲ್ವಾ?’ ಎಂದು ತಮಾಷೆ ಮಾಡಿದ. ಅದೇ ಸಾಲಿನಲ್ಲಿ ನಾಲ್ಕು ಮನೆ ಆಚೆ ಒಬ್ಬ ಮೆಕ್ಯಾನಿಕ್ ಇದ್ದ, ಅವನೂ ಮೊದಲ ಸುತ್ತಿನಲ್ಲಿ ಅದೇ ಮಾತ್ರೆಯ ಹೆಸರು ಹೇಳಿದವನು. ಆ ಮನೆಗೆ ಬೀಗ. ಮೂರು ದಿನ ಬೇರೆಬೇರೆ ಹೊತ್ತಿನಲ್ಲಿ ಹೋದರೂ ಬೀಗ ಇದ್ದರೆ ಬಲಗಡೆಯ ಪಕ್ಕದ ಮನೆಯನ್ನು ಬದಲಿಗೆ ತೆಗೆದುಕೊಳ್ಳಿ ಎಂದು ಕೈಪಿಡಿ ಹೇಳುತ್ತದೆ. ಬಲಗಡೆ ನಿವೃತ್ತ ಮೇಷ್ಟ್ರು ದಂಪತಿ. ತೊಂಬತ್ತಾರಕ್ಕೂ ‘ಇಲ್ಲ’ ಎಂದು, ಕುಡಿಯಲು ನೀರು ಕೊಟ್ಟು ಕಳಿಸಿದರು. ಮೆಕ್ಯಾನಿಕ್ ಸತ್ತು ಐದು ತಿಂಗಳಾಗಿತ್ತು, ಮಾತ್ರೆ ಹೆಚ್ಚಾಗಿ. ಅದನ್ನು ಬರೆಯಲು ಟ್ಯಾಬಿನಲ್ಲಿ ಜಾಗವಿಲ್ಲ. ಹೀಗೆ ಆ ಬೀದಿಯಲ್ಲಿ ಬಳಕೆದಾರರ ಸಂಖ್ಯೆ ಒಂದು ಇಳಿಯಿತು, ತಮ್ಮ ಗ್ರಾಫಿನ ಗೆರೆಯೂ ತುಸು ಬಾಗಿರಬೇಕು. ಹದಿನಾಲ್ಕು ವರ್ಷದಲ್ಲಿ ಇಂಥ ಬೀಗ ಎಷ್ಟು ನೋಡಿದ್ದೇನೋ, ಈಗೀಗ ನಿದ್ದೆ ಬರುವುದಿಲ್ಲ.

ಇನ್ನು ಮೂರನೇ ಸುತ್ತು, ಅಂದರೆ ನನ್ನ ಅಪರಾಧ. ಪ್ರಶ್ನೆ ಮೂವತ್ತೊಂದನ್ನು ಓದಿದೆ: ‘ಕಳೆದ ಹನ್ನೆರಡು ತಿಂಗಳಲ್ಲಿ ನಿಮಗೆ ಚಿಕಿತ್ಸೆ ಬೇಕಿದ್ದೂ ದೊರೆಯದ ಸಂದರ್ಭ ಇದೆಯೇ? ಇದ್ದಲ್ಲಿ ಎಷ್ಟು ಬಾರಿ?’ ಅವನು ನಕ್ಕ. ‘ಎಷ್ಟು ಸಲ ಅಂತ ಎಣಿಸ್ಬೇಕು ಅಂದ್ರೆ, ಎಲ್ಲಿ ಸಿಗುತ್ತೆ ಅಂತ ಮೊದ್ಲು ಗೊತ್ತಿರ್ಬೇಕಲ್ಲ ಮೇಡಂ?’

ಅಕ್ಕ ಯಂತ್ರ ನಿಲ್ಲಿಸಿದಳು. ‘ನಾಲ್ಕು ವರ್ಷದಲ್ಲಿ ಮೂರು ಸಲ ಬಂದ್ರಿ. ಮೂರು ಸಲಾನೂ ಇದನ್ನೇ ಕೇಳಿದ್ರಿ. ಬೇಕಾ ಅಂತೀರಿ, ಬೇಕು ಅಂತೀವಿ, ಬರ್ಕೊಂಡು ಹೋಗ್ತೀರಿ. ಹೋದ ತಿಂಗಳು ಇವ್ನು ಬಚ್ಚಲಲ್ಲಿ ಬಿದ್ದಿದ್ದ, ತುಟಿ ಎಲ್ಲ ನೀಲಿ. ಬಾಗ್ಲು ಒಡೆಯೋಕೆ ನಾನೊಬ್ಳೆ, ಕತ್ರಿ ತಗೊಂಡು ಚಿಲಕ ಕಿತ್ತೆ. ಉಸಿರಿದೆಯೋ ಇಲ್ವೋ ಅಂತ ಮೂಗಿನ ಹತ್ರ ಕೈ ಇಟ್ಕೊಂಡು ಕೂತಿದ್ದೆ ಮೇಡಂ.’

ಆಗ ನಾನು ‘ಅಯ್ಯೋ’ ಎಂದೆ.

‘ಚಿಕಿತ್ಸೆ ಎಲ್ಲಿದೆ ಅಂತ ನಿಮಗೆ ಗೊತ್ತಲ್ವಾ? ಗೊತ್ತಿದ್ದೂ ಹೇಳಲ್ವಾ?’ ಎಂದಳು. ಗೊತ್ತಿತ್ತು. ಹಿಂದಿನ ವರ್ಷ ತಾವೇ ಉದ್ಘಾಟಿಸಿದ ಕೇಂದ್ರ ಆ ಮನೆಯಿಂದ ನಾಲ್ಕು ಸ್ಟಾಪ್ ದೂರದಲ್ಲಿದೆ. ಒಂದು ಹಳೇ ಕಟ್ಟಡದ ಎರಡನೇ ಮಹಡಿ, ಬೋರ್ಡು ಮೆಟ್ಟಿಲು ಹತ್ತಿದ ಮೇಲೆ ಕಾಣುತ್ತದೆ. ಹೇಳಿದೆ. ಅವನು ಹೋದ, ವಾಪಸು ಬಂದ. ಮೊದಲು ಮಾತ್ರೆ ಬರೆದ ವೈದ್ಯರಿಂದಲೇ ಪತ್ರ ತರಬೇಕಂತೆ. ಆ ವೈದ್ಯರಿಗೆ ವರ್ಗವಾಗಿತ್ತು. ಹಾಗಾಗಿ ನಾನು ರಜೆ ಹಾಕಿ ಜೊತೆಗೆ ಹೋದೆ. ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಧೂಳು ಕುಡಿದು ಹಳೆಯ ಚೀಟಿ ಹುಡುಕಿಸಿ, ಈಗಿನ ವೈದ್ಯರ ಕೈಕಾಲು ಹಿಡಿದು ಎರಡು ಸಾಲು ಬರೆಸಿಕೊಂಡು, ಸಂಜೆ ನಾಲ್ಕಕ್ಕೆ ಅವನ ಹೆಸರು ಬರೆಸಿದೆ. ನನಗೇ ಸಾಕುಸಾಕಾಯಿತು. ಬೆನ್ನು ಮುರಿದವನೊಬ್ಬ ಒಬ್ಬಂಟಿಯಾಗಿ ಇದನ್ನೆಲ್ಲ ಹೇಗೆ ಮಾಡಬೇಕಿತ್ತು?

ಎಂಟು ವಾರವಾಯಿತು. ದಿನಾ ಬೆಳಿಗ್ಗೆ ನರ್ಸ್ ಎದುರಿಗೆ ಕೂತು ಹಳೆಯ ಮಾತ್ರೆಯ ಹಂಬಲ ತಡೆಯುವ ಔಷಧಿಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು, ಅದು ಕರಗುವವರೆಗೆ ಹತ್ತು ನಿಮಿಷ ಮಾತಾಡದೆ ಇರಬೇಕು. ‘ಇವ್ನು ಹುಟ್ಟಿದಾಗಿಂದ ಹತ್ತು ನಿಮಿಷ ಬಾಯಿ ಮುಚ್ಕೊಂಡಿದ್ದು ಇದೇ ಮೊದ್ಲು’ ಎನ್ನುತ್ತಾಳೆ ಅಕ್ಕ. ಬಸ್ ನಿಲ್ದಾಣದ ಹಿಂದಕ್ಕೆ ಹೋಗುವುದನ್ನು ಬಿಟ್ಟಿದ್ದಾನೆ. ಅಕ್ಕ ಹೊಲಿದ ಬಟ್ಟೆಗೆ ಗುಂಡಿ ಹಾಕುತ್ತಾನೆ. ತೂಕ ನಾಲ್ಕು ಕಿಲೋ ಏರಿದೆ.

ಈಗ ತಮ್ಮ ಆಕ್ಷೇಪಣೆಗೆ ಬರೋಣ. ಈ ಸುತ್ತಿನ ಜೊತೆಗೇ ತಾವು ಇನ್ನೊಂದು ಅಧ್ಯಯನ ನಡೆಸುತ್ತಿದ್ದೀರಿ. ಅರ್ಧ ಬಡಾವಣೆಗಳಲ್ಲಿ ರೋಗಿಗಳನ್ನು ಕೇಂದ್ರಕ್ಕೆ ಕೈಹಿಡಿದು ಕರೆದೊಯ್ಯಲು ಕಾರ್ಯಕರ್ತೆಯರಿದ್ದಾರೆ, ಉಳಿದರ್ಧದಲ್ಲಿ ಯಾರೂ ಇಲ್ಲ. ಕರೆದೊಯ್ದರೆ ಹೆಚ್ಚು ಜನ ಬರುತ್ತಾರೆಯೇ ಎಂದು ಹೋಲಿಸಿ ನೋಡುವುದು ಉದ್ದೇಶ. ಹಮಾಲಿಯ ಬೀದಿ ಯಾರೂ ಇಲ್ಲದ ಅರ್ಧಕ್ಕೆ ಸೇರಿದೆ. ಅಲ್ಲಿಂದ ಒಬ್ಬನನ್ನು ನಾನು ಕರೆದೊಯ್ದು ಹೋಲಿಕೆ ಕೆಡಿಸಿದೆ ಎನ್ನುತ್ತೀರಿ. ಹೌದು, ಕೆಡಿಸಿದೆ. ಹೋಲಿಸದೆ ಏನನ್ನೂ ಖಾತ್ರಿಯಾಗಿ ಹೇಳಲಾಗದು ಎಂಬುದು ನನಗೂ ಗೊತ್ತು. ಅಷ್ಟೂ ತಿಳಿಯದೆ ಹದಿನಾಲ್ಕು ವರ್ಷ ಬಿಸಿಲಲ್ಲಿ ಅಲೆದಿಲ್ಲ. ನಾಳೆ ತಮ್ಮ ಅಧ್ಯಯನದಿಂದ ಸಾವಿರ ಜನಕ್ಕೆ ಒಳ್ಳೆಯದಾಗಬಹುದು, ಆಗಲಿ. ಅವನ ಒಂದು ಸಾಲನ್ನು ತಮ್ಮ ಲೆಕ್ಕದಿಂದ ತೆಗೆದುಹಾಕಿ, ಅಂಕಿಅಂಶ ತೊಳೆದಿಟ್ಟ ಹಾಗೆ ಇರಲಿ. ಆದರೆ ಸಾಲು ಅಳಿಸುವುದಕ್ಕೂ ಔಷಧಿ ನಿಲ್ಲಿಸುವುದಕ್ಕೂ ಏನು ಸಂಬಂಧ? ಕೇಂದ್ರದಲ್ಲಿ ನಲವತ್ತು ಜನಕ್ಕೆ ಜಾಗವಿದೆ. ನರ್ಸ್ ಹೇಳುವ ಪ್ರಕಾರ ಹದಿನೇಳು ಖಾಲಿ ಬಿದ್ದಿವೆ. ಅವನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ಯಾರನ್ನು ಕೂರಿಸುತ್ತೀರಿ? ದಾರಿ ತಾನಾಗಿಯೇ ಕಂಡುಹಿಡಿದು, ಯಾರ ಸಹಾಯವೂ ಇಲ್ಲದೆ, ಶುದ್ಧವಾಗಿ ಬರುವ ರೋಗಿಗೆ ಕಾಯುತ್ತಿದ್ದೀರಾ? ಎಂಟು ವಾರದ ಔಷಧಿಯನ್ನು ಒಂದೇ ದಿನ ನಿಲ್ಲಿಸಿದರೆ ಏನಾಗುತ್ತದೆ ಎಂದು ತಮ್ಮದೇ ವರದಿಯ ಕೊನೆಯ ಪುಟಗಳಲ್ಲಿ ಬರೆದಿದೆ. ಅಂಥವರು ಹಳೆಯ ಅಭ್ಯಾಸಕ್ಕೆ ಮರಳಿ ಮೊದಲಿನ ಪ್ರಮಾಣದಲ್ಲೇ ತೆಗೆದುಕೊಂಡರೆ ಬದುಕುವುದು ಕಷ್ಟ ಎಂದಿದ್ದೀರಿ. ಬರೆಯುವುದು ಒಂದು, ಮಾಡುವುದು ಇನ್ನೊಂದೇ?

ನನ್ನ ಕೆಲಸ ಉಳಿಸಿ ಎಂದು ಬೇಡುತ್ತಿಲ್ಲ. ತೆಗೆದುಹಾಕಿ, ಟ್ಯಾಬು, ಚೀಲ ಎರಡನ್ನೂ ತಂದೊಪ್ಪಿಸುತ್ತೇನೆ. ನಿಜ ಹೇಳಬೇಕೆಂದರೆ ಇನ್ನು ಯಾರ ಮನೆಯ ಹೊಸ್ತಿಲಲ್ಲೂ ಕೂತು ಹೂಂ ಎನ್ನಲು ನನ್ನಲ್ಲಿ ತ್ರಾಣವಿಲ್ಲ. ನನ್ನ ಬೇಡಿಕೆ ಒಂದೇ. ಕೇಂದ್ರಕ್ಕೆ ಕಳಿಸಿದ ಆ ಪತ್ರವನ್ನು ಒಂದನೇ ತಾರೀಕಿನೊಳಗೆ ಹಿಂದಕ್ಕೆ ಪಡೆಯಿರಿ. ಒಂದು ಸಾಲಿನ ಆದೇಶ ಸಾಕು. ಇನ್ನು ಹನ್ನೊಂದು ದಿನ ಇದೆ.

ನಿನ್ನೆ ಸಂಜೆ ವಿಷಯ ತಿಳಿಸಲು ಆ ಮನೆಗೆ ಹೋಗಿದ್ದೆ. ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಅವನು ಬಾಗಿಲವರೆಗೂ ಬಂದು ಮೆಲ್ಲಗೆ ಕೇಳಿದ: ‘ಮೇಡಂ, ಒಂದನೇ ತಾರೀಕು ನಾನು ಹೋಗ್ಲೋ ಬೇಡ್ವೋ?’

ತಮ್ಮನ್ನು ಕೇಳದೆಯೇ ಹೇಳಿಬಿಟ್ಟೆ. ‘ಹೋಗಪ್ಪ, ಕೊಡ್ತಾರೆ’ ಎಂದೆ.

ಇಂತಿ,
ಅವನಿಗೆ ಮಾತು ಕೊಟ್ಟು, ತಪ್ಪಿನ ಮೇಲೆ ತಪ್ಪು ಮಾಡಿರುವ,
ಸದ್ಯಕ್ಕಿನ್ನೂ ತಮ್ಮದೇ ವಿಭಾಗದ ಒಬ್ಬ ಕ್ಷೇತ್ರ ಸಂದರ್ಶಕಿ